ಎಂಜಿನ್ನಿನ ಸಪ್ಪಳಕ್ಕೆ ಕಿವಿಗೊಡಿ

ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗದ ಮುಂದೆ ಕುಳಿತವರಿಗೆ ಲಾಳಿಯ ಓಟ ತಪ್ಪಿದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಒಂದೇ ಲಯದಲ್ಲಿ ಬರುತ್ತಿದ್ದ ಸಪ್ಪಳದಲ್ಲಿ ಒಂದು ಪೆಟ್ಟು ಹೆಚ್ಚು ಕಡಿಮೆಯಾದರೂ ಕೈ ತಾನಾಗಿ ನಿಲ್ಲುತ್ತದೆ. ಹಿಟ್ಟಿನ ಗಿರಣಿಯವರು ಬೆನ್ನು ತಿರುಗಿಸಿ ನಿಂತಿದ್ದರೂ ಜೋಳ ತೀರಿ ಕಲ್ಲು ಬರಿದೇ ತಿರುಗುತ್ತಿರುವುದನ್ನು ಸಪ್ಪಳದಿಂದಲೇ ಅರಿಯುತ್ತಾರೆ. ಇನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತೇ ಬೇರೆ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಅವರ ನಂತರ 2010ರಲ್ಲಿ ಲಿಂಗೈಕ್ಯರಾಗುವವರೆಗೆ ಪುಟ್ಟರಾಜ ಗವಾಯಿಗಳು ನಡೆಸಿದ ಈ ಆಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಕಿವಿಯೇ ಪುಸ್ತಕವಾಯಿತು, ಕಿವಿಯೇ ಬದುಕಿನ ದಾರಿಯಾಯಿತು.

ಇಂಥ ಸೀಮೆಯಲ್ಲೂ ಮನೆ ಮುಂದಿನ ಕಾರು ಹೊಸದೊಂದು ಸಪ್ಪಳ ಮಾಡತೊಡಗಿದರೆ ಬಹಳ ಜನ ಕಿವುಡರಾಗಿಬಿಡುತ್ತಾರೆ! ‘ಹಳೇ ಗಾಡಿ, ಸಪ್ಪಳ ಮಾಡೋದ ಬಿಟ್ಟು ಮತ್ತೇನ ಮಾಡ್ತೈತಿ’ ಎಂದು ಹಾಡಿನ ದನಿ ಏರಿಸಿ ಹೊರಡುವವರು ಕೆಲವರು. ಗಾಬರಿಯಾಗಿ ಗ್ಯಾರೇಜಿಗೆ ಓಡಿ, ಹೇಳಿದಷ್ಟು ಹಣ ಕೊಟ್ಟು ಬರುವವರು ಇನ್ನು ಕೆಲವರು. ಎರಡೂ ನಷ್ಟದ ದಾರಿಗಳೇ. ಕೆಲವು ನೂರು ರೂಪಾಯಿಯ ಬೆಲ್ಟಿನ ಕಿರುಚಾಟಕ್ಕೆ ಎಂಜಿನ್ ಬಿಚ್ಚಿಸುವುದು ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿದಂತೆ. ಆದರೆ ಆಯಿಲ್ ಇಲ್ಲದೆ ಬಡಿದುಕೊಳ್ಳುತ್ತಿರುವ ಎಂಜಿನ್ನನ್ನು ‘ಊರು ಮುಟ್ಟಲಿ’ ಎಂದು ಓಡಿಸಿದರೆ ಕೊಡಲಿಯಿಂದಲೂ ಕೆಲಸ ಆಗುವುದಿಲ್ಲ.

ಈ ಊರುಗಳಲ್ಲಿ ಕಾರು ಬರಿಯ ಶೋಕಿಯ ವಸ್ತುವಲ್ಲ. ಶಿರಹಟ್ಟಿಯಿಂದ ಗದಗಿನ ಆಸ್ಪತ್ರೆಗೆ, ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಯ ಕಾಲೇಜಿಗೆ, ಮುಂಡರಗಿಯಿಂದ ಪರೀಕ್ಷೆಯ ಊರಿಗೆ ಹೋಗಬೇಕಾದಾಗ ಹೊತ್ತಿಗೆ ಒದಗುವ ಸಾಧನ ಅದು. ಗದಗ, ಶಿರಹಟ್ಟಿ, ಮುಂಡರಗಿಗಳ ನಡುವೆ ಕಪ್ಪತಗುಡ್ಡ ಹಬ್ಬಿದೆ. ಸಂಜೆ ಕವಿದ ಮೇಲೆ ಅದರ ಸೆರಗಿನ ರಸ್ತೆಯಲ್ಲಿ ಗಾಡಿ ಕೈಕೊಟ್ಟರೆ ಮಿಸ್ತ್ರಿಯನ್ನು ಹುಡುಕುವುದು ಸುಲಭವಲ್ಲ. ಆದ್ದರಿಂದ ಹೊರಡುವ ಮೊದಲೇ ಸಪ್ಪಳದ ಅರ್ಥ ಕೊಂಚ ತಿಳಿದಿದ್ದರೆ ಒಳ್ಳೆಯದು. ಇದಕ್ಕೆ ದೊಡ್ಡ ಸಲಕರಣೆ ಬೇಡ. ಶಾಲೆಯಲ್ಲಿ ಓದಿದ ವಿಜ್ಞಾನ, ಒಂದು ನೋಟ್‌ಬುಕ್ಕು ಮತ್ತು ತಾಳ್ಮೆ ಸಾಕು.

ಮೂರು ಪ್ರಶ್ನೆಗಳು

ಒಳ್ಳೆಯ ವೈದ್ಯರು ಔಷಧಿ ಬರೆಯುವ ಮೊದಲು ಪ್ರಶ್ನೆ ಕೇಳುತ್ತಾರೆ. ಒಳ್ಳೆಯ ಮಿಸ್ತ್ರಿಯೂ ಹಾಗೆಯೇ. ಸಪ್ಪಳ ಯಾವಾಗ ಬರುತ್ತದೆ? ಎಲ್ಲಿಂದ ಬರುತ್ತದೆ? ಎಂಥದ್ದು? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ರೋಗ ಪತ್ತೆಯಾದಂತೆ.

‘ಯಾವಾಗ’ ಎಂಬುದೇ ಮುಖ್ಯ ಪ್ರಶ್ನೆ. ಬೆಳಿಗ್ಗೆ ತಣ್ಣಗಿದ್ದಾಗ ಬಂದು ಎಂಜಿನ್ ಬಿಸಿಯಾದಂತೆ ಮಾಯವಾಗುತ್ತದೆಯೇ, ಅಥವಾ ಬಿಸಿಯಾದ ಮೇಲೆಯೇ ಹುಟ್ಟುತ್ತದೆಯೇ? ನಿಂತಲ್ಲೇ ಬರುತ್ತದೆಯೇ, ಓಡುವಾಗ ಮಾತ್ರವೇ? ಎ.ಸಿ. ಹಾಕಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಕ್ಲಚ್ ತುಳಿದಾಗ, ಏರು ಹತ್ತುವಾಗ ಹೆಚ್ಚುತ್ತದೆಯೇ?

ಮೊದಲು ಸಪ್ಪಳ ಎಂಜಿನ್ನಿನದೋ ಚಕ್ರದ್ದೋ ಎಂದು ಬೇರ್ಪಡಿಸಬೇಕು. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ನೋಡಿ. ಸಪ್ಪಳವೂ ಜೊತೆಗೇ ಏರಿದರೆ ಅದು ಎಂಜಿನ್ನಿಗೆ ಅಥವಾ ಅದರ ಬೆಲ್ಟಿಗೆ ಸೇರಿದ್ದು. ನಿಂತಲ್ಲಿ ಸದ್ದಿಲ್ಲದೆ ಓಟದಲ್ಲಿ ಮಾತ್ರ ಬಂದರೆ ಮತ್ತೊಂದು ಪರೀಕ್ಷೆ ಇದೆ. ಜನರಿಲ್ಲದ ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಒಮ್ಮೆ ಮೂರನೇ ಗೇರಿನಲ್ಲಿ, ಒಮ್ಮೆ ನಾಲ್ಕನೇ ಗೇರಿನಲ್ಲಿ ಹಿರಿಯರು ಓಡಿಸಲಿ, ಪಕ್ಕದಲ್ಲಿ ಕುಳಿತವರು ಕೇಳಲಿ. ಗೇರು ಬದಲಾದಾಗ ಸಪ್ಪಳವೂ ಬದಲಾದರೆ ಎಂಜಿನ್ ಕಡೆ ನೋಡಬೇಕು. ಬದಲಾಗದಿದ್ದರೆ ಚಕ್ರದ ಬೇರಿಂಗು, ಟೈರು, ಬ್ರೇಕುಗಳ ಕಡೆ ನೋಡಬೇಕು. ತಿರುವಿನಲ್ಲಿ ಮಾತ್ರ ‘ಕಟ ಕಟ’ ಎಂದರೆ ಮುಂಚಕ್ರಗಳಿಗೆ ಶಕ್ತಿ ಒಯ್ಯುವ ಆಕ್ಸಲ್ ಜಾಯಿಂಟ್ ಸವೆದಿರುವ ಸಂಭವವೇ ಹೆಚ್ಚು.

ವಿದ್ಯಾರ್ಥಿಗಳಿಗೊಂದು ಲೆಕ್ಕ

ಬಹುತೇಕ ಕಾರುಗಳ ಎಂಜಿನ್ ನಾಲ್ಕು ಹೊಡೆತದ್ದು. ಒಳಗೆ ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊರಗೆ ತಳ್ಳುವುದು: ಈ ನಾಲ್ಕು ಕೆಲಸ ಮುಗಿಯಲು ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗಿರುತ್ತದೆ. ಈ ಎರಡು-ಒಂದರ ನಿಯಮ ತಿಳಿದರೆ ಕಿವಿಗೆ ಲೆಕ್ಕದ ಬಲ ಬರುತ್ತದೆ.

ನಿಂತ ಗಾಡಿಯ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎನ್ನೋಣ. ಅಂದರೆ ಸೆಕೆಂಡಿಗೆ ಸುಮಾರು 13 ಸುತ್ತು. ಕ್ರ್ಯಾಂಕಿನ ಬುಡದಿಂದ ಪ್ರತಿ ಸುತ್ತಿಗೆ ಒಂದು ಪೆಟ್ಟು ಬರುತ್ತಿದ್ದರೆ ಸೆಕೆಂಡಿಗೆ 13 ಪೆಟ್ಟು. ಮೇಲಿನ ಒಂದು ವಾಲ್ವಿನ ಟ್ಯಾಪೆಟ್ ಸಡಿಲಾಗಿದ್ದರೆ ಅದರ ಅರ್ಧ, ಸೆಕೆಂಡಿಗೆ ಆರೋ ಏಳೋ ಪೆಟ್ಟು. ಇಷ್ಟು ಬೇಗನೆ ಎಣಿಸುವುದು ಹೇಗೆ? ಮೊಬೈಲಿನಲ್ಲಿ ಹತ್ತು ಸೆಕೆಂಡು ಸಪ್ಪಳ ಹಿಡಿದು, ಕಾಲು ಪಟ್ಟು ವೇಗದಲ್ಲಿ ತಿರುಗಿ ಕೇಳಿ. ಹತ್ತು ಸೆಕೆಂಡು ನಲವತ್ತಾಗುತ್ತದೆ. ಆಗ ಸುಮಾರು 67 ಪೆಟ್ಟು ಎಣಿಕೆಗೆ ಸಿಕ್ಕರೆ ಅದು ಎಂಜಿನ್ನಿನ ಮೇಲ್ಭಾಗದ ವಾಲ್ವುಗಳ ಲಯ. 133ರ ಹತ್ತಿರ ಬಂದರೆ ಕೆಳಭಾಗದ ಲಯ. ಸುತ್ತಿನ ಮೀಟರ್ ಇರುವ ಕಾರಿನಲ್ಲಿ ಮೀಟರಿನ ಅಂಕಿ ನೋಡಿಕೊಂಡು ಲೆಕ್ಕ ಹಾಕಬಹುದು. ಭೌತಶಾಸ್ತ್ರದ ಆವೃತ್ತಿಯ ಪಾಠ ಮನೆಯಂಗಳದಲ್ಲೇ ಆಗಿಬಿಡುತ್ತದೆ.

ಆದರೆ ಎಲ್ಲ ಸಪ್ಪಳವೂ ರೋಗವಲ್ಲ. 1983ರ ಡಿಸೆಂಬರಿನಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರದು 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್. ಮೂರು ಸಿಲಿಂಡರಿನ ಗಾಡಿ ನಿಂತಲ್ಲಿ ಕೊಂಚ ನಡುಗುವುದು ಅದರ ಹುಟ್ಟುಗುಣ. ಡೀಸೆಲ್ ಗಾಡಿಯ ‘ಕಟಕಟ’ವೂ ಸಹಜವೇ. ಅದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಒತ್ತಡಕ್ಕೆ ಕಾದ ಗಾಳಿಯೊಳಗೆ ಡೀಸೆಲ್ ಚಿಮ್ಮಿ, ಒಂದು ಕ್ಷಣ ತಡೆದು, ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆ ದಿಢೀರ್ ಪೆಟ್ಟೇ ಕಟಕಟ. ಚಳಿಯಲ್ಲಿ ಹೆಚ್ಚು, ಬಿಸಿಯಾದ ಮೇಲೆ ಕಡಿಮೆ. ಹಾಗಾಗಿ ಗಾಡಿ ಸರಿಯಿದ್ದಾಗಲೇ ಅದರ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವುದು ಜಾಣತನ. ಆರೋಗ್ಯದ ದನಿ ಗೊತ್ತಿದ್ದವರಿಗೇ ರೋಗದ ದನಿ ಗೊತ್ತಾಗುವುದು.

ಸ್ಕ್ರೂಡ್ರೈವರೇ ಸ್ಟೆತಾಸ್ಕೋಪು

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದರು. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ಗ್ಯಾರೇಜಿನ ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ತಾಗಿಸಿ, ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಒತ್ತಿ ಕೇಳುವುದೂ ಇದೇ ವಿದ್ಯೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಉಕ್ಕಿನಲ್ಲಿ ಸುಮಾರು 5000 ಮೀಟರ್ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸುತ್ತಲಿನ ಗದ್ದಲ ಬಿಟ್ಟು, ಮುಟ್ಟಿದ ಜಾಗದ ಕಂಪನವೇ ನೇರವಾಗಿ ಎಲುಬಿಗೆ ಬರುತ್ತದೆ.

ಆಲ್ಟರ್ನೇಟರು, ನೀರಿನ ಪಂಪು, ಬೆಲ್ಟ್ ಬಿಗಿ ಮಾಡುವ ಗಾಲಿ, ಮೇಲಿನ ವಾಲ್ವ್ ಮುಚ್ಚಳ, ಹೀಗೆ ಒಂದೊಂದನ್ನೇ ಮುಟ್ಟಿ ಕೇಳಿದರೆ ಸಪ್ಪಳ ಎಲ್ಲಿ ಜೋರೋ ಅಲ್ಲಿಯೇ ಕಳ್ಳ. ತಬಲಾದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತ ಶ್ರುತಿ ತಪ್ಪಿದ ಜಾಗ ಹುಡುಕುವವರ ಕ್ರಮವೂ ಇದೇ. ಆದರೆ ಎಂಜಿನ್ ಓಡುವಾಗಿನ ಈ ಪರೀಕ್ಷೆ ಪಳಗಿದ ಹಿರಿಯರ ಕೆಲಸ, ಮಕ್ಕಳದಲ್ಲ. ಮಕ್ಕಳು ಅದೇ ವಿದ್ಯೆಯನ್ನು ಗೋಡೆ ಗಡಿಯಾರದ ಮೇಲೆ ಪ್ರಯೋಗ ಮಾಡಿ ಕಲಿಯಬಹುದು.

ಸಪ್ಪಳದ ಬಾಲಬೋಧೆ

ಕೀಚ್ ಎಂಬ ಕಿರುಚು: ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ, ಮಳೆಯಲ್ಲಿ, ದೀಪ ಅಥವಾ ಎ.ಸಿ. ಹಾಕಿದಾಗ ಬರುವ ಈ ದನಿ ಬಹುತೇಕ ಜಾರುವ ಬೆಲ್ಟಿನದು. ಎಂಜಿನ್ ಆರಿಸಿ, ಕೀಲಿ ತೆಗೆದು ನೋಡಿ. ಬೆಲ್ಟಿನಲ್ಲಿ ಬಿರುಕು, ಗಾಜಿನಂಥ ಹೊಳಪು, ಎಳೆ ಕಿತ್ತಿರುವುದು ಕಂಡರೆ ಬದಲಿಸಬೇಕು. ಆಲ್ಟರ್ನೇಟರು ಮತ್ತು ನೀರಿನ ಪಂಪು ಒಂದೇ ಬೆಲ್ಟಿನಿಂದ ತಿರುಗುವ ಗಾಡಿಯಲ್ಲಿ ಅದು ಹರಿದರೆ ಬ್ಯಾಟರಿಯೂ ಬರಿದು, ಎಂಜಿನ್ನೂ ಕಾದ ಬಾಣಲೆ.

ಗರಗರ: ಒಣ ಬೇರಿಂಗಿನ ದನಿ. ನೀರಿನ ಪಂಪು, ಆಲ್ಟರ್ನೇಟರು ಅಥವಾ ಬೆಲ್ಟಿನ ಗಾಲಿ ಇರಬಹುದು. ಪಂಪಿನ ಕೆಳಗೆ ನೀರಿನ ಕಲೆ ಕಂಡರೆ ತಡ ಮಾಡಬಾರದು. ಕ್ಲಚ್ ತುಳಿದಾಗ ಮಾತ್ರ ಗರಗರ ಬಂದರೆ ಕ್ಲಚ್ ಬೇರಿಂಗು. ನ್ಯೂಟ್ರಲ್‌ನಲ್ಲಿ ಬಂದು, ಕ್ಲಚ್ ತುಳಿದರೆ ನಿಂತರೆ ಗೇರ್‌ಬಾಕ್ಸಿನ ಬೇರಿಂಗು.

ಟಿಕ್ ಟಿಕ್: ಸ್ಟಾರ್ಟ್ ಮಾಡಿದ ಕೆಲವು ಕ್ಷಣ ಬಂದು ನಿಂತರೆ, ರಾತ್ರಿ ಕೆಳಗಿಳಿದ ಆಯಿಲ್ ಮೇಲೇರುವವರೆಗಿನ ಸದ್ದು. ನಿಲ್ಲದೆ ಬರುತ್ತಿದ್ದರೆ ಮೊದಲು ಆಯಿಲ್ ಮಟ್ಟ ನೋಡಿ. ಅದು ಸರಿಯಿದ್ದರೆ ಟ್ಯಾಪೆಟ್ ಹೊಂದಿಸಬೇಕಾಗಬಹುದು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ಹಗುರ ಟಿಕ್ ಟಿಕ್ ಸಹಜ.

ಪುಸ್ ಪುಸ್, ಭರ್ ಭರ್: ಹೊಗೆ ಹೋಗುವ ದಾರಿಯಲ್ಲಿ ಸೋರಿಕೆ. ಸದ್ದಿಗಿಂತ ಹೊಗೆಯೇ ಅಪಾಯ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನೊಳಗೆ ಬಂದರೆ ಕೂತವರಿಗೆ ತಿಳಿಯುವುದೇ ಇಲ್ಲ.

ಡಬ್ಬಿಯಲ್ಲಿ ಹರಳು ಕುಲುಕಿದಂತೆ: ಭಾರ ಹೇರಿ, ಮೇಲಿನ ಗೇರಿನಲ್ಲೇ ಏರು ಹತ್ತಿಸುವಾಗ ಬರುವ ‘ಕಿಣಿಕಿಣಿ’. ಪೆಟ್ರೋಲು ಕಿಡಿಯ ಅಪ್ಪಣೆಯಂತೆ ಉರಿಯದೆ ತಾನೇ ಸ್ಫೋಟಿಸುವುದರಿಂದ ಆಗುವುದಿದು. ಗೇರು ಇಳಿಸಿ ನೋಡಿ. ನಿಲ್ಲದಿದ್ದರೆ ಕಲಬೆರಕೆ ಪೆಟ್ರೋಲು, ಕರಿ ಕಟ್ಟಿದ ಸಿಲಿಂಡರು, ಅತಿಯಾಗಿ ಕಾಯುವ ಎಂಜಿನ್ನು ಇವುಗಳಲ್ಲಿ ಕಾರಣ ಹುಡುಕಬೇಕು.

ಈ ಕಿಣಿಕಿಣಿಯ ಹಿಂದೆ ವಿದ್ಯಾರ್ಥಿಗಳು ತಿಳಿಯಲೇಬೇಕಾದ ಕತೆಯೊಂದಿದೆ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ಈ ಸಪ್ಪಳ ಅಡಗಿಸುವ ಉಪಾಯ ಕಂಡುಹಿಡಿದರು. ಎಂಜಿನ್ ಸುಮ್ಮನಾಯಿತು. ಆದರೆ ಹೊಗೆಯಲ್ಲಿ ಹೊರಬಂದ ಸೀಸ ಗಾಳಿ, ಮಣ್ಣುಗಳನ್ನು ಸೇರಿ ಮಕ್ಕಳ ಮೆದುಳಿನ ಬೆಳವಣಿಗೆಗೇ ಕುತ್ತು ತಂದಿತು. ಭಾರತದಲ್ಲಿ 2000ದ ಫೆಬ್ರುವರಿಯಿಂದ ಸೀಸದ ಪೆಟ್ರೋಲು ನಿಂತಿತು. ಕಟ್ಟಕಡೆಯದಾಗಿ ಅಲ್ಜೀರಿಯಾದಲ್ಲಿ ಅದರ ಮಾರಾಟ ನಿಂತದ್ದು 2021ರಲ್ಲಿ. ಒಂದು ಸಪ್ಪಳದ ಬಾಯಿ ಮುಚ್ಚಿಸಲು ಹೋಗಿ ಜಗತ್ತು ತೆತ್ತ ಬೆಲೆ ಅದು. ಈಗಿನ ಬಹಳಷ್ಟು ಕಾರುಗಳ ಎಂಜಿನ್ನಿಗೆ ಇದನ್ನು ಕೇಳಲೆಂದೇ ಒಂದು ಪುಟ್ಟ ಕಿವಿ ಇರುತ್ತದೆ. ಒತ್ತಡ ಬಿದ್ದರೆ ವಿದ್ಯುತ್ ಹುಟ್ಟಿಸುವ ಹರಳೊಂದು ಆ ಕಂಪನವನ್ನು ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರು ಕಿಡಿಯ ಹೊತ್ತನ್ನು ಹಿಂದೆ ಸರಿಸುತ್ತದೆ.

ಕೆಂಪು ದೀಪ ಕಂಡರೆ ನಿಲ್ಲಿ

ಮೇಲಿನವು ಯಾವುದಕ್ಕೂ ಒಂದೆರಡು ದಿನ ಯೋಚಿಸಲು ಬಿಡುವುಂಟು. ಒಂದಕ್ಕೆ ಮಾತ್ರ ಇಲ್ಲ. ಎಂಜಿನ್ನಿನ ಬುಡದಿಂದ, ಬಾಗಿಲ ಮೇಲೆ ಸುತ್ತಿಗೆಯಿಂದ ಬಡಿದಂತೆ ‘ದಬ್ ದಬ್’ ಎಂದು ಬಂದು, ವೇಗ ಹೆಚ್ಚಿಸಿದರೆ ತಾನೂ ಜೋರಾಗುವ ಸಪ್ಪಳ. ಪಿಸ್ಟನ್ ಕೋಲಿನ ಬೇರಿಂಗು ಸವೆದಿದೆ, ಅಥವಾ ಅದಕ್ಕೆ ಆಯಿಲ್ ತಲುಪುತ್ತಿಲ್ಲ ಎಂದರ್ಥ. ಲೋಹ ಮತ್ತು ಲೋಹದ ನಡುವೆ ಕೂದಲಿಗಿಂತ ತೆಳುವಾದ ಆಯಿಲ್ ಪದರವೇ ಎಂಜಿನ್ನಿನ ಪ್ರಾಣ. ಅದು ಹರಿದರೆ ನಿಮಿಷಗಳಲ್ಲಿ ಬೇರಿಂಗು ಕರಗಿ, ಕೋಲು ಮುರಿದು, ಎಂಜಿನ್ನಿನ ಮೈಯನ್ನೇ ಒಡೆದುಕೊಂಡು ಹೊರಬರಬಹುದು.

ಈ ಸಪ್ಪಳ ಕೇಳಿದರೆ, ಅಥವಾ ಆಯಿಲ್ ಡಬ್ಬಿಯ ಚಿತ್ರದ ಕೆಂಪು ದೀಪ ಹೊತ್ತಿದರೆ ರಸ್ತೆಯ ಬದಿಗೆ ನಿಂತು ಎಂಜಿನ್ ಆರಿಸಬೇಕು. ಐದು-ಹತ್ತು ನಿಮಿಷ ಬಿಟ್ಟು, ಸಮತಟ್ಟು ಜಾಗದಲ್ಲಿ ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಇಲ್ಲದಿದ್ದರೆ ಸರಿಯಾದ ಆಯಿಲ್ ತರಿಸಿ ಹಾಕುವವರೆಗೆ ಸ್ಟಾರ್ಟ್ ಮಾಡಬಾರದು. ಹಾಕಿದ ಮೇಲೂ ಸಪ್ಪಳ ಅಥವಾ ದೀಪ ಉಳಿದರೆ ಬೇರೆ ಗಾಡಿಗೆ ಕಟ್ಟಿಸಿ ಒಯ್ಯುವುದೇ ಸರಿ. ‘ಇನ್ನ ಹತ್ತ ಕಿಲೋಮೀಟರ್ ಅಷ್ಟ’ ಎಂಬ ಮಾತು ಎಷ್ಟೋ ಎಂಜಿನ್ನುಗಳ ಕಡೆಯ ಮಾತಾಗಿದೆ!

ಈ ನೆಲದ ಸಪ್ಪಳಗಳು

ಪುಸ್ತಕದಲ್ಲಿಲ್ಲದ ಕೆಲವು ಸಪ್ಪಳಗಳು ಈ ಭಾಗಕ್ಕೇ ಸೇರಿದವು. ಮಳೆಗಾಲದಲ್ಲಿ ಎರೆಮಣ್ಣು ಚಕ್ರದ ಒಳಬದಿಗೆ ಮೆತ್ತಿ ಒಣಗಿದರೆ ಗಾಡಿ ವೇಗದಲ್ಲಿ ಗಡಗಡ ನಡುಗುತ್ತದೆ. ತೊಳೆದರೆ ಸಾಕು. ಬ್ರೇಕ್ ತಟ್ಟೆಯ ಹಿಂದೆ ಸಣ್ಣ ಹರಳು ಸಿಕ್ಕಿಕೊಂಡರೆ ಕಿವಿ ಕೊರೆಯುವ ಕೀರಲು ದನಿ. ಬೇಸಿಗೆಯ ಗಾಳಿಯಲ್ಲಿ ಧೂಳು ತುಂಬಿದ ಏರ್ ಫಿಲ್ಟರು ಎಂಜಿನ್ನಿಗೆ ಉಬ್ಬಸ ತರುತ್ತದೆ. ಕಾಳಿನ ಚೀಲವಿರುವ ಮನೆಗಳ ಮುಂದೆ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿ ವೈರು ಕಡಿದರೆ ಒಂದು ಸಿಲಿಂಡರು ಕೆಲಸ ಬಿಟ್ಟು, ಗಾಡಿ ಕುಂಟುತ್ತ ‘ಬಕ್ ಬಕ್’ ಎನ್ನುತ್ತದೆ.

ಸುಗ್ಗಿಯಲ್ಲಿ ಇನ್ನೊಂದು ಅಪಾಯವಿದೆ. ರಸ್ತೆಯನ್ನೇ ಕಣ ಮಾಡಿ ಹುರುಳಿ, ಜೋಳ ಹರವಿದ ಕಡೆ ಕಾರು ಹಾಯಿಸಿದರೆ ಬಳ್ಳಿ, ದಂಟು ಕೆಳಗಿನ ಶಾಫ್ಟಿಗೆ ಸುತ್ತಿಕೊಳ್ಳುತ್ತವೆ. ‘ಸರಸರ’ ಎಂಬ ಉಜ್ಜಾಟ ಕೇಳಿದರೆ ಆಗಲೇ ನಿಲ್ಲಿಸಬೇಕು. ಕಾದ ಸೈಲೆನ್ಸರಿಗೆ ಒಣ ಹೊಟ್ಟು ತಾಗಿ ಕಾರುಗಳು ಹೊತ್ತಿ ಉರಿದ ಪ್ರಸಂಗಗಳು ಕರ್ನಾಟಕದಲ್ಲಿ ನಡೆದಿವೆ. ಸಾಧ್ಯವಾದಷ್ಟು ಹರವಿದ ರಾಶಿಯನ್ನು ಬಳಸಿ ಹೋಗುವುದೇ ಲೇಸು.

ಎಚ್ಚರ ತಪ್ಪಬಾರದು

ಪರೀಕ್ಷೆ ಬಯಲಲ್ಲೇ ನಡೆಯಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಸೀರೆಯ ಸೆರಗು, ದುಪಟ್ಟಾ, ಟವೆಲ್ಲು, ಬಿಟ್ಟ ಕೂದಲು ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರಿನ ಫ್ಯಾನು ಎಂಜಿನ್ ಆರಿಸಿದ ಮೇಲೂ ಒಮ್ಮೆಲೇ ತಿರುಗಬಹುದು. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಓಡುವ ಎಂಜಿನ್ನಿನ ಪ್ಲಗ್ ವೈರು ಕೀಳುವ ಹಳೆಯ ಪರೀಕ್ಷೆ ಬೇಡವೇ ಬೇಡ, ಅಲ್ಲಿ ಹರಿಯುವುದು ಸಾವಿರಾರು ವೋಲ್ಟು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.

ಮನೆಯ ಪರೀಕ್ಷೆಯ ಗುರಿ ರಿಪೇರಿಯಲ್ಲ, ಸರಿಯಾದ ವರದಿ. ತಾರೀಖು, ಎಂಜಿನ್ ತಣ್ಣಗೋ ಬಿಸಿಯೋ, ಯಾವ ವೇಗ, ಯಾವ ಬದಿ, ಎಂಥ ದನಿ, ಇಷ್ಟನ್ನು ಬರೆದು, ಮೊಬೈಲಿನ ಮುದ್ರಣದೊಂದಿಗೆ ಗ್ಯಾರೇಜಿಗೆ ಹೋದರೆ ಮಿಸ್ತ್ರಿಯ ಹೊತ್ತೂ ಉಳಿಯುತ್ತದೆ, ಮನೆಯವರ ಹಣವೂ ಉಳಿಯುತ್ತದೆ. ಗ್ಯಾರೇಜಿಗೆ ಬಂದೊಡನೆ ಮೌನ ತಾಳುವ ಸಪ್ಪಳಕ್ಕಂತೂ ಈ ಮುದ್ರಣವೇ ಸಾಕ್ಷಿ.

ಕಿವಿಯೂ ಒಂದು ವಿದ್ಯೆ

‘ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ’ ಎಂದು ಮಕ್ಕಳನ್ನು ಹೆದರಿಸುವ ಪಾಲಕರು ಈಗಲೂ ಇದ್ದಾರೆ. ಗ್ಯಾರೇಜು ಶಿಕ್ಷೆಯ ಜಾಗವಲ್ಲ, ಓದು ಬೇಡುವ ಜಾಗ ಎಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಎಸ್ಸೆಸ್ಸೆಲ್ಸಿಯ ನಂತರ ಐ.ಟಿ.ಐ.ಯಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ, ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷದ ತರಬೇತಿ. ಅಲ್ಲಿಂದ ಡಿಪ್ಲೊಮಾ, ಎಂಜಿನಿಯರಿಂಗಿಗೂ ದಾರಿಯಿದೆ. ವಾಹನವನ್ನು ನಂಬಿ ಬೆಳೆದ ಉದಾಹರಣೆಗೆ ಈ ಊರಿನವರು ದೂರ ಹೋಗಬೇಕಿಲ್ಲ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಮುದ್ರಣದ ಮನೆತನದಿಂದಲೇ ಬಂದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾರಿಗೆ ಆರಂಭಿಸಿದರು. ಅದೇ ಮುಂದೆ ದೇಶದ ದೊಡ್ಡ ಸಾರಿಗೆ ಸಂಸ್ಥೆಗಳಲ್ಲಿ ಒಂದಾಯಿತು.

ವಿದ್ಯುತ್ ಕಾರುಗಳು ಬಂದಿವೆ, ಇನ್ನು ಕಿವಿಗೇನು ಕೆಲಸ ಎನ್ನುವವರುಂಟು. ಅವುಗಳಲ್ಲಿ ಟ್ಯಾಪೆಟ್ಟಿಲ್ಲ, ಪಿಸ್ಟನ್ನಿಲ್ಲ, ನಿಜ. ಆದರೆ ಮೋಟಾರಿಗೂ ಚಕ್ರಕ್ಕೂ ಬೇರಿಂಗುಗಳಿವೆ, ಗೇರುಗಳಿವೆ, ಬ್ರೇಕುಗಳಿವೆ. ಎಂಜಿನ್ನಿನ ಗದ್ದಲವಿಲ್ಲದ ಗಾಡಿಯಲ್ಲಿ ಅವುಗಳ ಸಣ್ಣ ದನಿಯೂ ಸ್ಪಷ್ಟವಾಗಿ ಕೇಳುತ್ತದೆ. ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರು ದೋಷದ ಸಂಕೇತ ತೋರಿಸೀತು. ಸಡಿಲಾದ ಬೋಲ್ಟನ್ನೋ ಒಣಗಿದ ಬೇರಿಂಗನ್ನೋ ಅದು ಎಷ್ಟೋ ಸಲ ಕಾಣದು.

ಮುಂದಿನ ಭಾನುವಾರ ಕಾರು ತೊಳೆಯುವಾಗ ಹತ್ತು ನಿಮಿಷ ಹೆಚ್ಚಿಗೆ ಕೊಟ್ಟು, ಅಪ್ಪ ಅಮ್ಮಂದಿರ ಜೊತೆ ಮಕ್ಕಳೂ ಆಯಿಲ್ ಕಡ್ಡಿ ನೋಡಲಿ, ಬೆಲ್ಟು ನೋಡಲಿ, ಸರಿಯಿರುವ ಎಂಜಿನ್ನಿನ ಸಪ್ಪಳವನ್ನು ಒಮ್ಮೆ ಹಿಡಿದಿಡಲಿ. ದೂರದ ದಾರಿಯಲ್ಲಿ ಅದು ತಪ್ಪು ನುಡಿದ ದಿನ, ಮೊದಲು ಎಚ್ಚರಿಸುವುದು ಹಿಂದಿನ ಸೀಟಿನಲ್ಲಿ ಕುಳಿತ ಮಗುವೇ ಆಗಿರಬಹುದು.